ಸಾವಿರ ಸಸಿ ಕೇಳುವವರಿಗೆ

ಜೂನ್ ತಿಂಗಳು ಬಂತೆಂದರೆ ಮಲೆನಾಡಿಗೆ ಮಳೆಯೊಡನೆ ಗಿಡ ನೆಡುವವರೂ ಬರುತ್ತಾರೆ. ಬ್ಯಾನರು, ಧ್ವನಿವರ್ಧಕ, ಮೊದಲೇ ತೋಡಿಸಿಟ್ಟ ಗುಂಡಿಗಳು, ಗುಂಡಿಗೊಂದರಂತೆ ಕೊಟ್ಟೆ ಗಿಡ. ಮೇಲಿನಿಂದ ಮಳೆ ಸುರಿಯುತ್ತಿರುವಾಗಲೇ ಅತಿಥಿಗಳು ಕೊಡೆಯಡಿ ನಿಂತು ತಂಬಿಗೆಯಿಂದ ಗಿಡಕ್ಕೆ ನೀರೆರೆಯುತ್ತಾರೆ. 1950ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ದಿನದಿಂದ ಇಂದಿನವರೆಗೆ ಪ್ರತಿ ಮಳೆಗಾಲವೂ ನೆಟ್ಟ ಗಿಡಗಳ ಲೆಕ್ಕ ಪತ್ರಿಕೆಗಳಲ್ಲಿ ಅಚ್ಚಾಗುತ್ತ ಬಂದಿದೆ. ಅವುಗಳಲ್ಲಿ ಮರುವರ್ಷಕ್ಕೆ ಬದುಕಿ ಉಳಿದವೆಷ್ಟು ಎಂಬ ಲೆಕ್ಕವನ್ನು ಅಷ್ಟೇ ಸಡಗರದಿಂದ ಓದಿ ಹೇಳಿದ ಸಮಾರಂಭವೊಂದನ್ನು ನಾವು ಇನ್ನೂ ಕಂಡಿಲ್ಲ.

ಈ ಸಲ ಆ ಸಡಗರ ನಮ್ಮ ಅಂಗಳಕ್ಕೇ ಬಂದಿತ್ತು. ಊರಿನ ಕಾಡುಗಿಡಗಳನ್ನು ಹಿತ್ತಿಲಿನಲ್ಲಿ ಬೆಳೆಸುವ ನಮ್ಮ ಕೈತೋಟ ಬಳಗದ ಬಗ್ಗೆ ಯಾರಿಂದಲೋ ಕೇಳಿದ ಪಟ್ಟಣದ ಸಂಸ್ಥೆಯೊಂದು ಮೇ ತಿಂಗಳ ಕೊನೆಯಲ್ಲಿ ಸಾವಿರ ಸಸಿ ಬೇಕೆಂದು ಕೇಳಿತು. ಸಸಿಗಳು ಮೂರಡಿ ಎತ್ತರ ಇರಬೇಕು, ಎಲ್ಲವೂ ಒಂದೇ ಸಮನಾಗಿರಬೇಕು, ಬೇಗ ಬೆಳೆಯುವಂತಿರಬೇಕು, ಎರಡು ವಾರದೊಳಗೆ ಸಿಗಬೇಕು, ಮತ್ತು 'ಸ್ಥಳೀಯ ಜಾತಿ' ಎಂದು ಫಲಕದಲ್ಲಿ ಬರೆಯುವಂತಿರಬೇಕು. ಒಳ್ಳೆಯ ಬೆಲೆಯನ್ನೇ ಹೇಳಿದರು. ಬಳಗ ಒಪ್ಪಲಿಲ್ಲ. ಆ ದಿನದಿಂದ ಊರಿನಲ್ಲಿ ಮಾತು ಎದ್ದಿದೆ. 'ಇವರಿಗೆ ಸೊಕ್ಕು' ಎಂದವರಿದ್ದಾರೆ. 'ಆ ಹಣದಲ್ಲಿ ಶಾಲೆಯ ಹಿಂದಿನ ಸಸಿಮಡಿಗೆ ನೆರಳು ಬಲೆ ಹಾಕಿಸಬಹುದಿತ್ತು' ಎಂದು ಬಳಗದ ಒಳಗಿನವರೇ ಕೆಲವರು ನೊಂದುಕೊಂಡಿದ್ದಾರೆ. ನೊಂದವರ ಮಾತಿನಲ್ಲಿ ನ್ಯಾಯವಿದೆ. ಬಲೆ ಬೇಕೇ ಬೇಕು. ಆದರೂ ನಿರಾಕರಿಸಿದ್ದು ಸರಿ ಎಂಬುದೇ ನಮ್ಮ ವಾದ. ಅದಕ್ಕೆ ಕಾರಣ ನಮ್ಮ ಸ್ವಭಾವದಲ್ಲಿಲ್ಲ, ಬೀಜದ ಸ್ವಭಾವದಲ್ಲಿದೆ.

ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳ ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ತಿಳಿದಿದೆ, ಅವು ರಾಗಿ ಭತ್ತದ ಕಾಳುಗಳಂತಲ್ಲ. ಧೂಪದ ಬೀಜ, ಹೆಬ್ಬಲಸಿನ ಬೀಜ, ಕುಂಟುನೇರಳೆಯ ಬೀಜ, ರಾಮಪತ್ರೆಯ ಬೀಜ ಎಲ್ಲವೂ ಒದ್ದೆ ಒದ್ದೆ, ಭಾರ. ಅವನ್ನು ಒಣಗಿಸಿ ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲೆ ಇಡಲಾಗದು. ಒಣಗಿತೆಂದರೆ ಸತ್ತಿತೆಂದೇ ಅರ್ಥ. ನೆರಳಲ್ಲಿ ಹರವಿಟ್ಟರೂ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತವೆ. ಇದು ಅವುಗಳ ಕೊರತೆಯಲ್ಲ. ಬೇಸಗೆಯ ಕೊನೆಗೆ ಅಥವಾ ಮಳೆಯ ಮೊದಲ ತಿಂಗಳುಗಳಲ್ಲಿ ಹಣ್ಣಾಗಿ ಬಿದ್ದು, ಕೆಳಗೆ ಒದ್ದೆ ದರಕು, ಮೇಲೆ ದಟ್ಟ ನೆರಳು ಇರುವಲ್ಲಿ ಕೂಡಲೇ ಮೊಳೆಯುವ ಬೀಜಕ್ಕೆ ಕಾದು ಕುಳಿತುಕೊಳ್ಳುವ ವಿದ್ಯೆ ಏಕೆ ಬೇಕು? ಮಂಗಟ್ಟೆ ಹಕ್ಕಿ ನುಂಗಿ ಇನ್ನೊಂದು ಮರದಡಿ ಉಗುಳಿದ ರಾಮಪತ್ರೆ ಅಲ್ಲಿಯೇ ಬೇರು ಬಿಡುತ್ತದೆ. ಜೂನ್‌ನಲ್ಲಿ ಬಿದ್ದ ಬೀಜವನ್ನು ಜೂನ್‌ನಲ್ಲಿಯೇ ಮಣ್ಣಿಗೆ ಹಾಕಬೇಕು. ಅದು ನೆಡಲು ತಕ್ಕ ಸಸಿಯಾಗುವುದು ಮುಂದಿನ ಮಳೆಗಾಲಕ್ಕೆ, ಹಲವು ಜಾತಿಗಳಲ್ಲಿ ಅದರ ಮುಂದಿನದಕ್ಕೆ. ಎಂದರೆ ಮೇ ತಿಂಗಳಲ್ಲಿ ಬೇಡಿಕೆ ಇಟ್ಟು ಜೂನ್‌ನಲ್ಲಿ ಗಿಡ ಕೇಳುವವರಿಗೆ ಈ ಕಾಡು ಕೊಡಬಲ್ಲ ಉತ್ತರ ಒಂದೇ: ಎರಡು ವರ್ಷ ಮೊದಲೇ ಬರಬೇಕಿತ್ತು.

ಉಪ್ಪಾಗೆಯದು ಬೇರೆಯದೇ ಕಥೆ. ಅದರ ಬೀಜ ಐದಾರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಣ್ಣಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಹೊಸಬರು ಮೂರು ತಿಂಗಳು ನೀರು ಹಾಕಿ, ಏನೂ ಕಾಣದೆ ಬೇಸತ್ತು, ಕೊಟ್ಟೆಯ ಮಣ್ಣನ್ನು ಕೊಡವಿ ಬೇರೆ ಬೀಜ ಹಾಕುತ್ತಾರೆ. ಬೀಜದ ಗಟ್ಟಿ ಸಿಪ್ಪೆಯನ್ನು ಒಳಗಿನ ತಿರುಳಿಗೆ ಗಾಯವಾಗದಂತೆ ಬಿಡಿಸಿ ಹಾಕಿದರೆ ಬೇಗ ಮೊಳೆಯುತ್ತದೆ. ಆದರೆ ಅದು ಸಾವಿರಗಟ್ಟಲೆ ಮಾಡುವ ಕೆಲಸವಲ್ಲ, ಮಧ್ಯಾಹ್ನದ ಊಟವಾದ ಮೇಲೆ ಜಗಲಿಯಲ್ಲಿ ನಾಲ್ಕು ಜನ ಕುಳಿತು ಮಾತಾಡುತ್ತ ಮಾಡುವ ಕೆಲಸ. ಮೊಳೆತ ಮೇಲೂ ತೊಡಕಿದೆ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಸಸಿಯಾಗಿದ್ದಾಗ ಯಾವುದು ಏನೆಂದು ಹೇಳಲಾಗದು. ಕಾಯಿಗಾಗಿಯೇ ಬೆಳೆಸುವವರು ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಬೇಕು. ತೂಕ ಇಳಿಸುವ ಔಷಧಕ್ಕೆಂದು 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದಾಗ ಕಾಡಿನಲ್ಲಿ ಕಾಯಿ ಬಲಿಯುವ ಮೊದಲೇ ಕೊಂಬೆ ಸಮೇತ ಕಡಿದದ್ದನ್ನು ಹಿರಿಯರು ನೋಡಿದ್ದಾರೆ. ಆ ದಿನಗಳಲ್ಲಿ ಹಿತ್ತಿಲಿಗೆ ಎರಡು ಕಸಿ ಗಿಡ ನೆಟ್ಟವರ ಮನೆಯವರು ಇಂದು ಮರ ಹತ್ತಿ ಬೀಳಬೇಕಿಲ್ಲ, ಅಂಗಳದಲ್ಲಿಯೇ ಹಣ್ಣು ಆಯುತ್ತಾರೆ.

ಎಲ್ಲ ಕಾಡುಮರವೂ ಹೀಗೆ ಎಂದಲ್ಲ. ಹೊನ್ನೆ, ಮತ್ತಿ, ನೆಲ್ಲಿ, ಶಿವನೆಯ ಬೀಜಗಳನ್ನು ಒಣಗಿಸಿ ಇಡಬಹುದು; ಬೇಸಗೆಯಲ್ಲಿ ಹಾಕಿ ಮಳೆಗೆ ನೆಡಬಹುದು. ಅವು ಎಲೆ ಉದುರಿಸುವ ಕಾಡಿನವು. ಹಾಗೆ ಇಡಬಲ್ಲ ಬೀಜಗಳಲ್ಲೆಲ್ಲ ಅತ್ಯಂತ ಸಲೀಸಾದುದು ಅಕೇಶಿಯಾದ್ದು. ಚೀಲದಲ್ಲಿ ವರ್ಷಗಟ್ಟಲೆ ಇಟ್ಟು, ಬೇಕಾದಾಗ ಬಿಸಿನೀರಿನಲ್ಲಿ ನೆನೆಹಾಕಿದರೆ ಸಾಕು, ಎಲ್ಲವೂ ಒಟ್ಟಿಗೆ ಮೊಳೆಯುತ್ತವೆ. ಚಳಿಗಾಲದಲ್ಲಿ ಟೆಂಡರು, ಬೇಸಗೆಯಲ್ಲಿ ಸಸಿ, ಜೂನ್‌ನಲ್ಲಿ ನಾಟಿ, ಮಾರ್ಚ್ ಕೊನೆಗೆ ಲೆಕ್ಕ ಮುಕ್ತಾಯ ಎಂಬ ಕಚೇರಿಯ ಪಂಚಾಂಗಕ್ಕೆ ಇದಕ್ಕಿಂತ ವಿಧೇಯವಾದ ಗಿಡ ಬೇರೊಂದಿಲ್ಲ. ಆಸ್ಟ್ರೇಲಿಯಾ, ನ್ಯೂಗಿನಿಯ ಕಡೆಯ ಮರವೊಂದು ನಮ್ಮ ಗುಡ್ಡಗಳನ್ನು ಆವರಿಸಿದ್ದಕ್ಕೆ ಅದರ ಸೌದೆಯ ಗುಣವಷ್ಟೇ ಕಾರಣವಲ್ಲ. ನಾವು ಜಾತಿಯನ್ನು ಆರಿಸುವ ಮೊದಲೇ ಪಂಚಾಂಗ ಅದನ್ನು ಆರಿಸಿರುತ್ತದೆ. ಎರಡು ವಾರದಲ್ಲಿ ಸಾವಿರ ಸಸಿ ಕೇಳಿದ ಸಂಸ್ಥೆಯವರು ಅಕೇಶಿಯಾ ಬೇಡವೆಂದು ಮನಸಾರೆ ಹೇಳಿದ್ದರು. ಆದರೆ ಅವರು ಇಟ್ಟ ಷರತ್ತುಗಳೆಲ್ಲ ಅಕೇಶಿಯಾದ ಷರತ್ತುಗಳೇ ಆಗಿದ್ದವು.

ಅಕೇಶಿಯಾವನ್ನು ವಿರೋಧಿಸುವಾಗಲೂ ನಮ್ಮ ಮಾತು ಹದದಲ್ಲಿರಬೇಕು. ಅದರ ಪರಾಗದಿಂದ ಉಬ್ಬಸ ಬರುತ್ತದೆ ಎಂಬ ಮಾತನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಅದನ್ನು ವೈದ್ಯರು ತೀರ್ಮಾನಿಸಲಿ. ಆ ಮಾತಿಲ್ಲದೆಯೂ ನಮ್ಮ ವಾದ ಗಟ್ಟಿಯಾಗಿಯೇ ಇದೆ. ಬೋಳು ಜಂಬಿಟ್ಟಿಗೆ ನೆಲದಲ್ಲಿಯೂ ಅದು ಬೆಳೆಯಿತು, ಬಡವರ ಒಲೆಗೆ ಸೌದೆ ಕೊಟ್ಟಿತು, ಇದೂ ನಿಜ. ಆದರೆ ಅಡಿಕೆ ತೋಟಕ್ಕೆ ಅದರ ದರಕು ಹೊತ್ತವರನ್ನು ಕೇಳಿ: ಮತ್ತಿ, ಕಿಂದಳದ ಸೊಪ್ಪು ಗೊಬ್ಬರವಾಗುವ ಹೊತ್ತಿಗೆ ಇದು ಇನ್ನೂ ಗರಿಗರಿಯಾಗಿ ಕುಳಿತಿರುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟ ಹಿಂದಿನ ಕಾಲದವರಿಗೆ ತೋಟದ ಆಯುಸ್ಸು ಬೆಟ್ಟದ ಜಾತಿವೈವಿಧ್ಯದಲ್ಲಿದೆ ಎಂಬುದು ಗೊತ್ತಿತ್ತು. ಇನ್ನು ಶಿವಮೊಗ್ಗ ಜಿಲ್ಲೆಯ ಕಥೆ ಎಲ್ಲರಿಗೂ ತಿಳಿದದ್ದೇ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷಕ್ಕೆ ಗುತ್ತಿಗೆಗೆ ಹೋದ ಅರಣ್ಯಭೂಮಿಯ ಅವಧಿ 2020ರಲ್ಲಿ ಮುಗಿಯಿತು. ಕಾರ್ಖಾನೆ ಅದಕ್ಕೆ ಐದು ವರ್ಷ ಮೊದಲೇ ಉತ್ಪಾದನೆ ನಿಲ್ಲಿಸಿತ್ತು. ಕಾಗದ ತಯಾರಿಸದ ಕಾರ್ಖಾನೆಗೆ ಮತ್ತೆ ನೆಡುತೋಪು ಏಕೆ ಎಂದು ಕೇಳಿದ ಜನ 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಎಂದು ಬೀದಿಗಿಳಿಯಬೇಕಾಯಿತು.

ಇಷ್ಟು ಓದಿದವರು, ಹಾಗಾದರೆ ಹೊರಗಿನ ಗಿಡವೆಂದರೆ ಇವರಿಗೆ ಹಗೆ ಎಂದುಕೊಳ್ಳಬಾರದು. ಮೆಣಸಿನಕಾಯಿ, ಗೇರು, ಅನಾನಸು ಎಲ್ಲವೂ ಸಮುದ್ರ ದಾಟಿ ಬಂದವೇ. ನಮ್ಮ ಬಳಗದ ಅಕ್ಕತಂಗಿಯರಲ್ಲಿ ಮಳೆಗಾಲದ ಡೇರೆ ಹೂವಿನ ಮೋಹವಿಲ್ಲದವರು ಯಾರು? ಡೇರೆ ಮೆಕ್ಸಿಕೊದ್ದು, ಗಡ್ಡೆ ಕಿತ್ತು ಕಾಪಾಡಿದರೆ ಮರುವರ್ಷ ಉಂಟು, ಇಲ್ಲವಾದರೆ ಇಲ್ಲ. ಬೇಲಿ ಹಾರಿ ಕಾಡಿಗೆ ನುಗ್ಗುವ ಗಿಡ ಅದಲ್ಲ. ತೊಡಕಿರುವುದು ಬೇಲಿ ಹಾರುವ ಗಿಡಗಳಲ್ಲಿ. ಲಂಟಾನ 19ನೆಯ ಶತಮಾನದ ಆರಂಭದಲ್ಲಿ ಕೋಲ್ಕತ್ತಾದ ಸಸ್ಯೋದ್ಯಾನಕ್ಕೆ ಚೆಂದದ ಹೂಗಿಡವಾಗಿ ಬಂದದ್ದು. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ಅಲಂಕಾರಕ್ಕೆ, ನೆರಳಿಗೆ ಎಂದು ಬಂದು ಇಂದು ಬಂಡೀಪುರ, ನಾಗರಹೊಳೆಯ ಕಾಡುಗಳನ್ನು ಹೊಕ್ಕಿದೆ. ನೆಲಕ್ಕೆ ಹಸಿರು ಹಾಸಿನಂತೆ ಹಬ್ಬುವ ಹಳದಿ ಹೂವಿನ ಸಿಂಗಾಪುರ ಡೈಸಿಯನ್ನು ಈಗಲೂ ಪೇಟೆಯ ನರ್ಸರಿಗಳಿಂದ ತಂದು ಮನೆಯ ಮುಂದೆ ನೆಡುವವರಿದ್ದಾರೆ. ಅದು ತೋಡಿನ ದಂಡೆಗುಂಟ ಇಳಿದು ಹೋಗುವುದನ್ನು ಮಳೆಗಾಲದಲ್ಲಿ ಒಮ್ಮೆ ನಡೆದು ನೋಡಬೇಕು. ಬಳಗದವರು ಹಂಚುವ ಗಿಡಗಳಲ್ಲಿ ಇದನ್ನು ಸೇರಿಸುವುದಿಲ್ಲ ಎಂದು ನಿಶ್ಚಯಿಸಿದ್ದಕ್ಕೆ ಕೆಲವರು ಮುನಿದರು. ಮುನಿಸು ಇಳಿದೀತು, ತೋಡಿನಲ್ಲಿ ಬೇರೂರಿದ ಬಳ್ಳಿ ಇಳಿಯದು.

ಇನ್ನೊಂದು ಮಾತು, ನಮ್ಮವರಿಗೇ ಹೇಳಬೇಕಾದದ್ದು. 'ಸ್ಥಳೀಯ' ಎಂಬ ಪದವೂ ಈಗ ಪೇಟೆಗೆ ಬಂದಿದೆ. ಭಾರತದ್ದಾದರೆ ಸಾಕು, ಸ್ಥಳೀಯ ಎನ್ನುತ್ತಾರೆ. ಆಂಧ್ರದ ಶೇಷಾಚಲದ ಒಣ ಬೆಟ್ಟಗಳ ರಕ್ತಚಂದನವನ್ನು ಹೊನ್ನಿನ ಆಸೆ ತೋರಿಸಿ ನಮ್ಮ ಜಡಿಮಳೆಯ ಊರಿನಲ್ಲಿ ಮಾರುತ್ತಾರೆ. ಬಯಲುಸೀಮೆಯ ಬೇವನ್ನು ಇಲ್ಲಿ ನೆಡಿಸುತ್ತಾರೆ. ತೇಗ ದಾಂಡೇಲಿ, ಹಳಿಯಾಳದ ಕಾಡಿನ ಒಡೆಯನೇ ಸರಿ. ಆದರೆ ಕಾನನ್ನು ತೆರವು ಮಾಡಿ ತೇಗದ ಸಾಲು ನೆಟ್ಟರೆ ಅದು ಅಲ್ಲಿ ಹೊರಗಿನದೇ. ದೇವಸ್ಥಾನದ ಅಂಗಳಕ್ಕೆ ಅಶೋಕ ಬೇಕೆಂದು ನರ್ಸರಿಗೆ ಹೋದವರ ಕೈಗೆ ಕಂಬದಂತೆ ನೆಟ್ಟಗೆ ಬೆಳೆಯುವ ಬೇರೆಯದೇ ಮರ ಬರುತ್ತದೆ. ಕಿತ್ತಳೆ ಕೆಂಪು ಗೊಂಚಲಿನ ನಿಜವಾದ ಸೀತಾಶೋಕ ಔಷಧಕ್ಕೆಂದು ತೊಗಟೆ ಸುಲಿಸಿಕೊಂಡು ಕಾಡಿನಲ್ಲಿ ಅಪರೂಪವಾಗುತ್ತಿದೆ. ಒಂದು ಊರಿನ ದೇವರಕಾಡಿನಲ್ಲಿ ಏನೇನಿದೆ ಎಂದು ನೋಡದೆ ಆ ಊರಿಗೆ ಯಾವುದು ಸ್ಥಳೀಯ ಎಂದು ಹೇಳಲು ಯಾವ ಪಟ್ಟಿಯಿಂದಲೂ ಆಗದು.

ವಿದ್ಯಾರ್ಥಿ ಮಿತ್ರರಿಗೆ ಬೀಜದುಂಡೆಯ ವಿಷಯದಲ್ಲಿ ಒಂದು ಕಟು ಮಾತು. ಪ್ರತಿ ಮೇ ತಿಂಗಳಲ್ಲಿ ಮಣ್ಣು, ಸೆಗಣಿ ಕಲಸಿ, ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ, ಮಳೆ ಬಿದ್ದೊಡನೆ ಕಾಡಿಗೆ ಎಸೆದು ಬರುತ್ತೀರಿ. ಒಣಗಿದರೆ ಸಾಯುವ ಬೀಜವನ್ನು ಉಂಡೆಯೊಳಗಿಟ್ಟು ಒಣಗಿಸಿದರೆ ನೀವು ಎಸೆಯುವುದು ಮಣ್ಣನ್ನಷ್ಟೇ. ಒಣಗಿಯೂ ಬದುಕುವ ಬೀಜವಾದರೆ ಅದು ದಟ್ಟ ಕಾನಿನ ನೆರಳಿನಲ್ಲಿ ಬೆಳೆಯುವ ಜಾತಿಯಾಗಿರುವುದು ಕಡಿಮೆ. ಅದೇ ದಿನವನ್ನು ಒಂದು ಹೆಬ್ಬಲಸಿನ ಮರದಡಿ ಕಳೆಯಿರಿ. ಬಿದ್ದ ಬೀಜಗಳನ್ನು ಒದ್ದೆ ಗೋಣಿಯಲ್ಲಿ ತಂದು ಸಂಜೆಯೊಳಗೆ ಮಡಿಗೆ ಹಾಕಿರಿ. ಎಂದೂ ಎಲ್ಲವನ್ನೂ ಆಯಬೇಡಿ. ಆ ಮರದಡಿಯ ಹಕ್ಕು ಮೊದಲು ಮಂಗ, ಮುಳ್ಳುಹಂದಿಗಳದ್ದು. ಫೋಟೋ ತೆಗೆಸಿಕೊಳ್ಳುವಂಥದ್ದು ಅದರಲ್ಲಿ ಏನೂ ಇಲ್ಲ ಎಂಬುದನ್ನು ಒಪ್ಪುತ್ತೇವೆ.

'ನೀವು ಹೀಗೆ ಕಾಯುತ್ತ ಕುಳಿತರೆ ಬೋಳುಗುಡ್ಡ ಬೋಳಾಗಿಯೇ ಉಳಿಯುತ್ತದೆ' ಎಂಬುದು ನಮ್ಮ ಮೇಲಿನ ಆಕ್ಷೇಪಗಳಲ್ಲಿ ಅತ್ಯಂತ ತೂಕದ್ದು. ಮೊದಲನೆಯದಾಗಿ, ಬೋಳಾಗಿ ಕಾಣುವುದೆಲ್ಲ ಬೋಳಲ್ಲ. ಬೇಣ ಪಾಳುಭೂಮಿಯಲ್ಲ, ದನದ ಮೇವಿನ, ಮಾಡಿನ ಹೊದಿಕೆಯ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಯ ನೆಲ ಅದು. ಕುದುರೆಮುಖ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಲ್ಲಿ ಮರ ನೆಡುವುದು ಅದನ್ನು ಕೆಡಿಸಿದಂತೆ. 2022ರಲ್ಲಿ ಚಂದ್ರದ್ರೋಣದ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗ ಸಾಲುಸಾಲು ವಾಹನಗಳಲ್ಲಿ ಬಂದು ನೋಡಿದವರು, ಆ ಇಳಿಜಾರುಗಳಿಗೆ ಸಿಲ್ವರ್ ಓಕ್ ನೆಟ್ಟಿದ್ದರೆ ಏನನ್ನು ನೋಡುತ್ತಿದ್ದೆವು ಎಂದು ಯೋಚಿಸಿದರೆ ಸಾಕು. ಎರಡನೆಯದಾಗಿ, ನಿಜವಾಗಿಯೂ ಕಾಡು ಕಳೆದುಕೊಂಡ ಗುಡ್ಡಕ್ಕೆ ಬೇಕಾದದ್ದು ಎಷ್ಟೋ ಕಡೆ ಸಸಿಯಲ್ಲ, ಬೇಲಿ. ಬೆಂಕಿ ತಡೆದು, ದನ ತಡೆದು ನಾಲ್ಕಾರು ವರ್ಷ ಬಿಟ್ಟರೆ ಕಡಿದ ಬೊಡ್ಡೆಗಳಿಂದ ಮತ್ತಿ, ಕಿಂದಳ, ನೇರಳೆ ತಾವಾಗಿಯೇ ಚಿಗುರುತ್ತವೆ. ಆ ನೆರಳು ಬಂದ ಮೇಲೆ ರಂಜ, ಸುರಹೊನ್ನೆ, ಹೆಬ್ಬಲಸು ಹಾಕಿದರೆ ನಿಲ್ಲುತ್ತವೆ. ಇರುವ ಅಕೇಶಿಯಾ ತೋಪನ್ನೂ ಒಂದೇ ದಿನ ಕಡಿದು ಹಾಕಬೇಕಿಲ್ಲ. ತೆಳುಮಾಡಿ ಅದರ ನೆರಳಲ್ಲಿಯೇ ಕಾಡುಗಿಡ ಎಬ್ಬಿಸಬಹುದು. ಬಿರುಬಿಸಿಲಿನ ಬಯಲಿನಲ್ಲಿ ನೆಟ್ಟ ಧೂಪದ ಸಸಿ ಒಂದು ಬೇಸಗೆಯನ್ನೂ ದಾಟದು. ಆದರೆ ಬೇಲಿ ಕಾಯುವುದಕ್ಕೆ ಉದ್ಘಾಟನೆ ಎಂಬುದಿಲ್ಲ. ಹಾಗಾಗಿ ಅದಕ್ಕೆ ಹಣವೂ ಇಲ್ಲ.

ಇದರ ಹಿಂದೆ ದೊಡ್ಡ ಲೆಕ್ಕವೊಂದಿದೆ. ದೇಶದ ಅರಣ್ಯ ಸಮೀಕ್ಷೆಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಯಾವುದೇ ನೆಲದಲ್ಲಿ ಶೇ. 10ಕ್ಕಿಂತ ಹೆಚ್ಚು ಮರದ ಹೊದಿಕೆ ಇದ್ದರೆ ಅದು 'ಅರಣ್ಯ ಹೊದಿಕೆ'. ಮರ ಯಾವುದು, ನೆಲ ಯಾರದು ಎಂದು ಉಪಗ್ರಹ ಕೇಳುವುದಿಲ್ಲ. ನೆಡುತೋಪೂ ಹಸಿರು, ಕತ್ತಲೆಕಾನೂ ಹಸಿರು. ಹಾಗಿರುವಾಗ ಒಂದು ಕಡೆ ಕಾನು ಕಡಿದು ಇನ್ನೊಂದು ಕಡೆ ಸಸಿ ನೆಟ್ಟರೆ ಕಾಗದದಲ್ಲಿ ಏನೂ ಕಳೆದುಹೋಗಿರುವುದಿಲ್ಲ. ಯೋಜನೆಗಳಿಗೆ ಬಿಟ್ಟುಕೊಟ್ಟ ಕಾಡಿನ ಬದಲಿಗೆ ಗಿಡ ನೆಡಲೆಂದೇ 2016ರಲ್ಲಿ ಪರಿಹಾರ ಅರಣ್ಯೀಕರಣ ನಿಧಿಯ ಕಾಯಿದೆ ಬಂದಿದೆ. ಸಿಂಗಳೀಕ ಅಭಯಾರಣ್ಯದ ಒಡಲಲ್ಲಿ ಯೋಜಿಸಿದ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಕುರಿತು 2025ರಲ್ಲಿ ಸಾರ್ವಜನಿಕ ಅಹವಾಲು ನಡೆದಾಗ ಕಣಿವೆಯ ಜನ ವಿರೋಧಿಸಿದ್ದು ಮರಗಳ ಸಂಖ್ಯೆಗಾಗಿ ಮಾತ್ರವಲ್ಲ. ಸಿದ್ಧಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವರ್ಷವಿಡೀ ಒಸರುವ ನೀರು, ಕೆಸರಿನಿಂದ ಮಂಡಿಯಂತೆ ಮೇಲೆದ್ದ ಬೇರುಗಳು, ಊರುಗೋಲಿನಂತೆ ಕಾಂಡದಿಂದ ಇಳಿದ ಬೇರುಗಳು. ಗುಡ್ಡೆಗೇರಿನ ಬಂಧುವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ವಿವರಿಸಿದ್ದು 2000ದಲ್ಲಿ. ಅಲ್ಲಿಯವರೆಗೆ ಅದಕ್ಕೊಂದು ಶಾಸ್ತ್ರೀಯ ಹೆಸರೂ ಇರಲಿಲ್ಲ. ಯಾವ ಗುತ್ತಿಗೆದಾರ ಎಷ್ಟು ಗುಂಡಿ ತೋಡಿದರೆ ಈ ಜಡ್ಡಿ ಇನ್ನೊಂದೆಡೆ ಎದ್ದೀತು?

ನಮ್ಮ ಪುಟ್ಟ ಬಳಗದ ಸಾವಿರ ಸಸಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿದೆ. 'ಅಕೇಶಿಯಾ ನೆಡುತ್ತೀರಿ' ಎಂಬ ಆಕ್ಷೇಪಕ್ಕೆ ಈಗ ಉತ್ತರ ಸಿದ್ಧವಾಗಿದೆ: 'ಇಲ್ಲ, ಊರಿನವರಿಂದಲೇ ಸ್ಥಳೀಯ ಸಸಿ ಕೊಂಡು ನೆಡುತ್ತೇವೆ.' ಕಾಡುಗಿಡದ ಸಸಿಮಡಿಗಳು ಕಾಡು ಕಡಿಯುವವರಿಗೆ ರಸೀದಿ ಬರೆದುಕೊಡುವ ಕಚೇರಿಗಳಾಗಬಾರದು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಆರಂಭವಾದ ಚಳವಳಿಗೆ 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತುಗಳಿದ್ದವು. ಅವುಗಳ ಕ್ರಮ ಸುಮ್ಮನೆ ಬಂದದ್ದಲ್ಲ. ಇಂದು ಗಿಡ ನೆಡಲು ಬರುವವರೆಲ್ಲ ಎರಡನೆಯ ಮಾತಿನಿಂದ ಆರಂಭಿಸುತ್ತಾರೆ, ಮೊದಲನೆಯದನ್ನು ಕೇಳಿಯೇ ಇಲ್ಲವೇನೋ ಎಂಬಂತೆ.

ಹಾಗೆಂದು ಕೈತೋಟದ ಕೆಲಸ ಚಿಕ್ಕದೆಂದು ನಾವು ಭಾವಿಸಿಲ್ಲ. 2001ರಿಂದ ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಹಿತ್ತಿಲ ಬೀಜಗಳನ್ನು ಕೈಯಿಂದ ಕೈಗೆ ದಾಟಿಸಿ ಉಳಿಸಿಕೊಂಡು ಬಂದ ಬಗೆ ನಮ್ಮ ಕಣ್ಣ ಮುಂದಿದೆ. ಹೊಳೆಯಂಚಿನ ಅಪ್ಪೆಮಿಡಿಯನ್ನು ಮಳೆಗಾಲದಲ್ಲಿ ಕಸಿ ಕಟ್ಟಿ ಮನೆಮನೆಗೆ ತಂದವರಿಂದಾಗಿಯೇ ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆಯಂಥ ತಳಿಗಳು ಮೂಲ ಮರದ ಊರು ದಾಟಿ ಬದುಕಿವೆ. ಸಸಿ ಬೇಕಾದವರಿಗೆ ನಾವು ಕೊಡುತ್ತೇವೆ, ಬೆಲೆಯಿಲ್ಲದೆಯೂ ಕೊಡುತ್ತೇವೆ. ನಮ್ಮ ಷರತ್ತುಗಳು ಬೇರೆ: ಎರಡು ಮಳೆಗಾಲ ಮೊದಲು ಹೇಳಬೇಕು, ಒಂದೇ ಜಾತಿ ಕೇಳಬಾರದು, ನೆಡುವ ಜಾಗವನ್ನು ನಮಗೆ ತೋರಿಸಬೇಕು, ಅದು ಬೇಣವಾಗಿದ್ದರೆ ಸಸಿ ಇಲ್ಲ, ಮೂರು ವರ್ಷ ಬೇಲಿ ಕಾಯುವವರು ಯಾರೆಂದು ಹೇಳಬೇಕು, ಕಡಿದ ಕಾಡಿನ ಲೆಕ್ಕ ತುಂಬಲು ಈ ಸಸಿ ಬಳಸುವುದಿಲ್ಲವೆಂದು ಬರೆದು ಕೊಡಬೇಕು. ಇದರ ಜೊತೆಗೆ ಗ್ರಾಮ ಪಂಚಾಯಿತಿಗೂ ಒಂದು ಅರ್ಜಿ ಕೊಡುತ್ತಿದ್ದೇವೆ. 2002ರ ಜೈವಿಕ ವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಇರಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಯಾರೇ ಗಿಡ ನೆಡಲು ಬಂದರೂ ಮೊದಲು ಆ ಸಮಿತಿಯ ಮುಂದೆ ಜಾತಿಯ ಪಟ್ಟಿ ಇಟ್ಟು ಒಪ್ಪಿಗೆ ಪಡೆಯಲಿ ಎಂಬುದು ನಮ್ಮ ಕೋರಿಕೆ. ಅರ್ಜಿಗೆ ಸಹಿ ಹಾಕುವವರು ಗ್ರಾಮಸಭೆಯ ದಿನ ತಪ್ಪದೆ ಬರಬೇಕು; ಸಹಿಗಿಂತ ಅಲ್ಲಿ ಎದ್ದು ನಿಂತು ಕೇಳುವ ನಾಲ್ಕು ಜನರ ಮಾತಿಗೆ ಬೆಲೆ ಹೆಚ್ಚು.

ಸದ್ಯ ಉಪ್ಪಾಗೆ ಹಣ್ಣಾಗತೊಡಗಿದೆ. ಜುಲೈ ತಿಂಗಳ ಭಾನುವಾರಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಶಾಲೆಯ ಹಿಂದಿನ ಸಸಿಮಡಿಯ ಬಳಿ ಸೇರುತ್ತೇವೆ. ಬರುವವರು ಕಂಬಳಿ ಕೊಪ್ಪೆ, ಒದ್ದೆ ಗೋಣಿ, ಬಿದಿರ ಬುಟ್ಟಿ ತರಬೇಕು. ಉಂಬಳಕ್ಕೆ ಸುಣ್ಣವೋ ಹೊಗೆಸೊಪ್ಪೋ ಅವರವರೇ ನೋಡಿಕೊಳ್ಳಬೇಕು. ಮನೆಯಲ್ಲಿ ಉಪ್ಪಾಗೆ ಸುಲಿಯುವವರು ಬೀಜವನ್ನು ಎಸೆಯದೆ ತೊಳೆದು ನೆರಳಲ್ಲಿ ಇಟ್ಟರೆ ನಾವೇ ಬಂದು ಒಯ್ಯುತ್ತೇವೆ. ಬೀಜದಿಂದ ತುಪ್ಪ ತೆಗೆಯುವ ಮನೆಯವರಲ್ಲಿ ನಮ್ಮ ವಿನಂತಿ: ಒಂದು ಸೇರು ಬೀಜವನ್ನಾದರೂ ಮಡಿಗೆ ಬಿಟ್ಟುಕೊಡಿ.